ತೀರಿಹೋದವರ ಹೆಸರಿಗೆ ಬರುವ ಬಿಲ್ಲು

ಮನೆಯ ಹಿರಿಯ ತೀರಿಕೊಳ್ಳುತ್ತಾನೆ. ದಿನಕರ್ಮಗಳು ಮುಗಿಯುತ್ತವೆ, ಬಂದ ಬಳಗ ಊರಿಗೆ ಮರಳುತ್ತದೆ, ಮಗ ಮತ್ತೆ ಗಿರಣಿಯ ಪಾಳಿಗೆ ಹೋಗುತ್ತಾನೆ. ತಿಂಗಳು ತಿರುಗುವಷ್ಟರಲ್ಲಿ ಮೀಟರು ನೋಡುವವನು ಬಂದು ಒಂದು ಚೀಟಿ ಹರಿದು ಕೊಡುತ್ತಾನೆ. ಚೀಟಿಯ ಮೇಲೆ ಸತ್ತವನ ಹೆಸರೇ ಇರುತ್ತದೆ. ಯಾದಗಿರಿಯ ಸ್ಟೇಷನ್ ಕಡೆಯ ಓಣಿಗಳಲ್ಲಿ, ಶಹಾಪುರದ ಪೇಟೆಯಲ್ಲಿ, ಸುರಪುರದ ಗಲ್ಲಿಗಳಲ್ಲಿ ಇಂಥ ಚೀಟಿ ಬರುವ ಮನೆಗಳನ್ನು ನಾವು ಲೆಕ್ಕವಿಲ್ಲದಷ್ಟು ಕಂಡಿದ್ದೇವೆ.

ಊರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ನಾವು ಮಾಸ್ತರಿಕೆ ಮಾಡಿದವರು. ಪರರ ಅರ್ಜಿಗಳನ್ನು ದಿನವೂ ಬರೆದುಕೊಡುವವರು. ಆದರೂ ನಮ್ಮ ತಂದೆಯವರು ತೀರಿಕೊಂಡು ನಾಲ್ಕು ವರ್ಷ ಕಳೆದರೂ ಮನೆಯ ಮೀಟರು ಅವರ ಹೆಸರಿನಲ್ಲೇ ಇತ್ತು. ಬದಲಿಸೋಣವೆಂದಾಗ ನಮ್ಮ ತಾಯಿ, "ಇರಲಿ ಬಿಡಪ್ಪಾ, ತಿಂಗಳಿಗೊಮ್ಮೆ ಆದ್ರೂ ಯಾರೋ ಬಂದು ಅವರ ಹೆಸರು ಹೇಳ್ತಾರ" ಎಂದಳು. ಆ ಮಾತಿಗೆ ಉತ್ತರ ನಮ್ಮಲ್ಲಿರಲಿಲ್ಲ. ಸೋಮಾರಿತನಕ್ಕೆ ಒಳ್ಳೆಯ ನೆಪವೂ ಸಿಕ್ಕಿತು.

ಆ ನೆಪಕ್ಕೆ ಬೆಲೆ ತೆರಬೇಕಾದ ಕಾಲ ಬಂದೇ ಬಂತು. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಗೃಹಜ್ಯೋತಿ ಯೋಜನೆಗೆ ಚಾಲನೆ ಕೊಟ್ಟರು. ಮನೆಬಳಕೆಯ ವಿದ್ಯುತ್ತು 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಯ ಲೆಕ್ಕದ ಮೇಲೆ ಉಚಿತ. ಅದಕ್ಕಾಗಿ ಮೀಟರಿನ ಖಾತೆ ಸಂಖ್ಯೆಗೆ ಆಧಾರ್ ಜೋಡಿಸುವ ಮಾತು ಬಂದಾಗ, ಎಷ್ಟು ಮನೆಗಳ ದೀಪ ತೀರಿಹೋದವರ ಹೆಸರಿನಲ್ಲಿ ಉರಿಯುತ್ತಿದೆ ಎಂಬುದು ಓಣಿಗೆಲ್ಲ ತಿಳಿಯಿತು. ನಮ್ಮಂಥವರು ಕಾಗದ ಹುಡುಕುತ್ತ ಓಡಾಡಿದೆವು. ಅದೇ ಗಳಿಗೆಯಲ್ಲಿ ಮಧ್ಯವರ್ತಿಗಳು ಹುಟ್ಟಿಕೊಂಡರು. ಪುಕ್ಕಟೆ ದೀಪಕ್ಕಾಗಿ ಎರಡು ದಿನದ ಕೂಲಿಯನ್ನು ಅವರ ಕೈಗಿಟ್ಟು ಬಂದ ಹಮಾಲರನ್ನು ನಾವು ಬಲ್ಲೆವು.

ಮೊದಲ ಕಾಗದ ಮರಣ ಪ್ರಮಾಣಪತ್ರ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ 21 ದಿನದೊಳಗೆ ತಿಳಿಸಿದರೆ ನೋಂದಣಿಗೆ ಶುಲ್ಕವಿಲ್ಲ. ತಡವಾದಷ್ಟೂ ದಂಡ, ಸ್ವಯಂ ದೃಢೀಕರಿಸಿದ ದಾಖಲೆ, ಅನುಮತಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಇಲ್ಲಿ ನಮ್ಮ ಜನ ಎಡವುವ ಒಂದು ಸಂಗತಿಯುಂಟು. ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ಅದರ ನೋಂದಣಿಯಾಗಬೇಕು. ಬೆಂಗಳೂರಿಗೋ ಮುಂಬಯಿಗೋ ದುಡಿಯಲು ಹೋದವನು ಅಲ್ಲಿ ಸತ್ತರೆ, ಕಲಬುರಗಿ ರಾಯಚೂರಿನ ದವಾಖಾನೆಯಲ್ಲಿ ಕಣ್ಣು ಮುಚ್ಚಿದರೆ, ಹೆಣವನ್ನು ಊರಿಗೆ ತಂದು ಮಣ್ಣು ಮಾಡಿದ ಮಾತ್ರಕ್ಕೆ ಊರಿನ ದಫ್ತರದಲ್ಲಿ ಅದು ದಾಖಲಾಗುವುದಿಲ್ಲ. ದವಾಖಾನೆಯ ಸಾವನ್ನು ದವಾಖಾನೆಯವರೇ ತಿಳಿಸಬೇಕು. ಮನೆಯ ಸಾವನ್ನು ಮನೆಯ ಯಜಮಾನ ತಿಳಿಸಬೇಕು.

ಎರಡನೆಯದು ವಂಶವೃಕ್ಷ. ಇದಕ್ಕೆ ನಾಡಕಚೇರಿಗೆ ಹೋಗಬೇಕು. ಇಲ್ಲಿ ಅಡ್ಡಬರುವುದು ಕಾಗದಕ್ಕಿಂತ ಹೆಚ್ಚಾಗಿ ಮನಸ್ಸು. ಅಣ್ಣನ ಹೆಸರಿಗೆ ಮೀಟರು ಹೋದರೆ ಮನೆಯೂ ಹೋದಂತೆ ಎಂದು ತಮ್ಮ ಸಹಿ ಹಾಕುವುದಿಲ್ಲ. ಸಹಿ ಕೇಳಿದರೆ ಪಾಲು ಕೇಳಿಯಾಳೆಂದು ತಂಗಿಗೆ ಹೇಳಿಯೇ ಕಳಿಸುವುದಿಲ್ಲ. ಇವೆರಡೂ ತಪ್ಪು. ವಿದ್ಯುತ್ತಿನ ಬಿಲ್ಲು ಯಾರ ಹೆಸರಿನಲ್ಲಿದ್ದರೂ ಅದು ಆಸ್ತಿಯ ಹಕ್ಕುಪತ್ರವಾಗುವುದಿಲ್ಲ. ಹಿಂದೂ ಕುಟುಂಬದಲ್ಲಿ ಉಯಿಲು ಬರೆಯದೆ ಸತ್ತವನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಕ್ಕಳು, ತಾಯಿ ಸಮಪಾಲುದಾರರೆಂದು 1956ರ ಉತ್ತರಾಧಿಕಾರ ಕಾಯಿದೆಯೇ ಹೇಳಿದೆ, ಮಗಳೂ ಮಗನಷ್ಟೇ. ಮೀಟರಿನ ಚೀಟಿ ಅದನ್ನು ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ.

ಸಣ್ಣ ವ್ಯಾಪಾರಿಗಳಿಗೆ ಇನ್ನೊಂದು ಮಾತು. ಅಂಗಡಿಯ ಮೀಟರಿಗೆ ಗೃಹಜ್ಯೋತಿಯ ನೆರಳಿಲ್ಲ. ಅಲ್ಲಿ ಬಾಕಿ ಬೆಳೆಯುತ್ತದೆ. ಅಪ್ಪ ಬಿಟ್ಟುಹೋದ ಬಾಕಿಗೆ ಹೆದರಿ ಬಚ್ಚಿಡಬೇಡಿ. 2003ರ ವಿದ್ಯುಚ್ಛಕ್ತಿ ಕಾಯಿದೆಯ 56ನೆಯ ಕಲಮಿನ ಪ್ರಕಾರ ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು ಪೂರ್ತಿ 15 ದಿನದ ಲಿಖಿತ ನೋಟೀಸು ಕೊಡಲೇಬೇಕು. ಎರಡು ವರ್ಷಕ್ಕಿಂತ ಹಿಂದಿನ ಬಾಕಿಯನ್ನು, ಅದು ಎಡೆಬಿಡದೆ ಬಿಲ್ಲಿನಲ್ಲಿ ತೋರಿಸುತ್ತ ಬಂದಿದ್ದಲ್ಲದೆ, ವಸೂಲು ಮಾಡುವಂತಿಲ್ಲ. ಅಪ್ಪ ಇಟ್ಟ ಠೇವಣಿಗೆ ಬಡ್ಡಿಯೂ ಸಲ್ಲಬೇಕು. ಅದನ್ನು ಕೇಳುವುದು ಭಿಕ್ಷೆಯಲ್ಲ. ಹಳೆಯ ಅಂಗಡಿ ಕೊಳ್ಳುವವರು ಮಾತ್ರ ಎಚ್ಚರದಿಂದಿರಬೇಕು: ನಿಯಮವಿದ್ದರೆ ಹಿಂದಿನವನ ಬಾಕಿಯನ್ನು ಹೊಸಬನಿಂದ ಕೇಳಬಹುದೆಂದು ಸುಪ್ರೀಂ ಕೋರ್ಟು 2023ರ ಮೇ 19ರಂದು ತೀರ್ಪಿತ್ತಿದೆ.

ಇನ್ನು ಸರಕಾರಕ್ಕೆ ನಮ್ಮ ಪ್ರಶ್ನೆ. ಪಟ್ಟಣದಲ್ಲಿ ಸಾವನ್ನು ಬರೆದುಕೊಳ್ಳುವುದು ನಗರಸಭೆ. ನಳದ ನೀರಿನ ಬಿಲ್ಲು ಕಳಿಸುವುದೂ ನಗರಸಭೆ. ಮನೆಯ ಕರ ಕಟ್ಟಿಸಿಕೊಳ್ಳುವುದೂ ಅದೇ ನಗರಸಭೆ. ಒಂದು ಮೇಜಿಗೆ ಗೊತ್ತಾದ ಸಾವನ್ನು ಪಕ್ಕದ ಮೇಜಿಗೆ ತಿಳಿಸಲು ಮಗನು ದಿನದ ಪಗಾರ ಬಿಟ್ಟು ಬಂದು ಝೆರಾಕ್ಸ್ ಹೊತ್ತು ಏಕೆ ನಿಲ್ಲಬೇಕು? ಹೊಲಕ್ಕಾದರೆ ಪೌತಿ ಖಾತೆ ಎಂಬ ಪದ್ಧತಿ ನಮ್ಮ ಹಿರಿಯರ ಕಾಲದಿಂದ ಇದೆ. ಹೊಲವಿಲ್ಲದವನ ಆಸ್ತಿಯೆಂದರೆ ಒಂದು ಮೀಟರು, ಒಂದು ನಳ, ಒಂದು ಗ್ಯಾಸಿನ ಪುಸ್ತಕ. ಅವನ ಪೌತಿ ಒಂದೇ ಅರ್ಜಿಯಲ್ಲಿ, ಒಂದೇ ಕಡೆ ಆಗಬಾರದೇಕೆ?

ವಿಚಾರಣೆಯಿಲ್ಲದೆ ಹೆಸರು ಬದಲಿಸಿದರೆ ಮೋಸ ನಡೆದೀತೆಂದು ಅಧಿಕಾರಿಗಳು ಹೇಳುತ್ತಾರೆ. ಮಾತು ಸುಳ್ಳಲ್ಲ, ವಿಧವೆಯನ್ನು ಬದಿಗಿಟ್ಟು ಎಲ್ಲವನ್ನೂ ತನ್ನ ಹೆಸರಿಗೆ ಮಾಡಿಕೊಂಡ ಮಗಂದಿರೂ ಇದ್ದಾರೆ. ವಿಚಾರಣೆ ನಡೆಯಲಿ, ಆದರೆ ಒಂದು ಸಲ ನಡೆಯಲಿ. ಒಂದೇ ಸಾವನ್ನು ನಾಲ್ಕು ಕಚೇರಿಗಳಲ್ಲಿ ನಾಲ್ಕು ಸಲ ಸಿದ್ಧಪಡಿಸುವ ಶಿಕ್ಷೆಯನ್ನು ದುಡಿಯುವವನಿಗೆ ಹಾಕಬಾರದು.

ಅದಾಗುವತನಕ ನಮ್ಮ ಕೈಲಾದದ್ದನ್ನು ನಾವೇ ಮಾಡಬೇಕು. ಓಣಿಯಲ್ಲಿ ಸಾವಾದರೆ ಹೂವಿನ ಹಾರ ತರುವ ಗೆಳೆಯರಲ್ಲಿ ಒಬ್ಬರು 21 ದಿನದೊಳಗಿನ ನೋಂದಣಿಯ ಹೊಣೆ ಹೊರಲಿ. ಅರ್ಜಿ ಬರೆಯಬಲ್ಲವರು ಒಂದು ಭಾನುವಾರ ಬಿಡುವು ಮಾಡಿಕೊಂಡು, ಹಣ ಮುಟ್ಟದೆ ಬರೆದುಕೊಡಲಿ.

ನಮ್ಮ ಮನೆಯ ಮೀಟರು ಈಗ ತಾಯಿಯ ಹೆಸರಿನಲ್ಲಿದೆ. ಅಣ್ಣತಮ್ಮಂದಿರು, ತಂಗಿ ಎಲ್ಲರೂ ಕೂತು ಸಹಿ ಹಾಕಿದೆವು. ಮೊದಲ ಚೀಟಿ ಬಂದ ದಿನ ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ನನ್ನ ಹೆಸರು ಎಲ್ಲೈತಿ, ತೋರಿಸು" ಎಂದಳು. ತೋರಿಸಿದೆವು. ಎಪ್ಪತ್ತು ದಾಟಿದ ಆ ಮುದುಕಿಯ ಹೆಸರು ಆ ಮನೆಯ ಕಾಗದವೊಂದರ ಮೇಲೆ ಬಂದದ್ದು ಅದೇ ಮೊದಲು.