ಬೆಲೆ ತೆರದ ಗೆಲುವು

ಜಾಲದಲ್ಲಿ ಪ್ರಕಟವಾಗುವ ಚಿತ್ರಕಥೆಗಳನ್ನು, ಅದರಲ್ಲೂ ದಕ್ಷಿಣ ಕೊರಿಯಾದಿಂದ ಬರುವ ವೆಬ್‌ಟೂನ್‌ಗಳನ್ನು, ನನ್ನ ವಯಸ್ಸಿನವರು ಓದದೆಯೇ ತೆಗಳುವುದು ವಾಡಿಕೆ. ನಾನು ಓದಿ ತೆಗಳುತ್ತಿದ್ದೇನೆ. ಹಳೆಯ ವಿದ್ಯಾರ್ಥಿಗಳೂ ಮನೆಯ ಮಕ್ಕಳೂ ಪದೇ ಪದೇ ಹೆಸರಿಸುತ್ತಿದ್ದ ‘ಸೋಲೋ ಲೆವೆಲಿಂಗ್’ ಕಥೆಯನ್ನು ಕೊನೆಯವರೆಗೂ ಓದಿದೆ. ಅದನ್ನು ಮೆಚ್ಚಿದವರು ಮುನಿಯದೆ ನನ್ನ ಮಾತನ್ನು ಪೂರ್ತಿಯಾಗಿ ಆಲಿಸಬೇಕು.

ಚುಗಾಂಗ್ ಎಂಬ ಕಾವ್ಯನಾಮದ ಲೇಖಕರು 2016ರಲ್ಲಿ ಆರಂಭಿಸಿದ ಈ ಕಾದಂಬರಿ 2018ರಿಂದ ಚಿತ್ರಕಥೆಯಾಗಿ ಬಂದಿತು. ಚಿತ್ರಕಾರ ಜಾಂಗ್ ಸುಂಗ್-ರಾಕ್ 2022ರ ಜುಲೈನಲ್ಲಿ ತೀರಿಕೊಂಡರು. ಅವರ ಕೈಚಳಕದ ಬಗೆಗೆ ನನಗೆ ಗೌರವವಿದೆ. ನನ್ನ ಜಗಳವೇನಿದ್ದರೂ ಕಥೆಯೊಡನೆ.

ನಾಯಕ ಸುಂಗ್ ಜಿನ್-ವೂ ರಾಕ್ಷಸಮೃಗಗಳ ಬೇಟೆಗಾರರಲ್ಲೆಲ್ಲ ಅತಿ ದುರ್ಬಲ. ತಾಯಿ ಎಚ್ಚರವಾಗದ ನಿದ್ರಾರೋಗದಲ್ಲಿದ್ದಾಳೆ; ಆಸ್ಪತ್ರೆಯ ವೆಚ್ಚಕ್ಕೂ ತಂಗಿಯ ಓದಿಗೂ ಅವನು ಪ್ರಾಣವನ್ನು ಪಣವಿಡುತ್ತಾನೆ. ಇಲ್ಲಿಯವರೆಗೆ ಇದು ಮನುಷ್ಯರ ಕಥೆ. ಆಮೇಲೆ ಅವನ ಕಣ್ಣೆದುರು ಆಟದ ಪರದೆಯಂತಹ ‘ವ್ಯವಸ್ಥೆ’ಯೊಂದು ಮೂಡುತ್ತದೆ, ದಿನಕ್ಕೆ ನೂರು ದಂಡ, ನೂರು ಬೈಠಕ್, ಹತ್ತು ಕಿಲೋಮೀಟರ್ ಓಟ ಎಂದು ಆಜ್ಞಾಪಿಸಿ ಅಂಕ ಕೊಡುತ್ತದೆ. ಅಲ್ಲಿಂದಾಚೆಗೆ ಕಥೆಯಲ್ಲಿ ಯಾವ ನಷ್ಟವೂ ನಿಲ್ಲುವುದಿಲ್ಲ. ತಾಯಿಯ ರೋಗ ಒಂದು ಔಷಧಿಯಿಂದ ಮಾಯವಾಗುತ್ತದೆ. ಕೊಂದ ವೈರಿಯೇ ನೆರಳಾಗಿ ಎದ್ದು ಅವನ ಸೈನಿಕನಾಗುತ್ತಾನೆ. ಕೊನೆಗೆ ಕಾಲವನ್ನೇ ಹತ್ತು ವರ್ಷ ಹಿಂದಕ್ಕೆ ತಿರುಗಿಸಿ, ಸತ್ತವರು ಸತ್ತೇ ಇರಲಿಲ್ಲವೆಂದು ಮಾಡಲಾಗುತ್ತದೆ. ಬಳಿಕ ಅವನು ಒಬ್ಬನೇ ದೀರ್ಘಕಾಲ ಕಾದಿದ್ದು ಬೆಲೆಯಲ್ಲವೇ ಎಂದು ಅಭಿಮಾನಿಗಳು ಕೇಳಬಹುದು. ಆ ವರ್ಷಗಳು ಕ್ಷಣಮಾತ್ರದಲ್ಲಿ ಸರಿದುಹೋಗಿ ಅವನು ಮತ್ತೆ ಶಾಲಾಹುಡುಗನಾಗಿ ಮರಳುತ್ತಾನೆ ಎಂಬುದನ್ನು ಅವರು ಮರೆಯಬಾರದು.

ಈ ಅಚ್ಚಿನಲ್ಲಿ ಎರಕ ಹೊಯ್ದ ಕಥೆಗಳಿಗೆ ಈಗ ಬರವಿಲ್ಲ. ದುರ್ಬಲನು ಬಲಿಷ್ಠನಾಗುತ್ತಾನೆ, ಸತ್ತವನು ಹಿಂದಿನ ಕಾಲದಲ್ಲಿ ಎಚ್ಚರಗೊಳ್ಳುತ್ತಾನೆ. ಹೆಸರು ಮಾತ್ರ ಬೇರೆ.

ಅಚ್ಚು ಇರುವುದೇ ತಪ್ಪೆಂದು ನಾನು ಹೇಳಲಾರೆ. ಬೇತಾಳನ ಕಥೆಗಳೂ ಒಂದೇ ಚೌಕಟ್ಟಿನವು. ಆದರೆ ಅಲ್ಲಿ ವಿಕ್ರಮನು ಸರಿಯಾದ ಉತ್ತರ ಕೊಟ್ಟಾಗಲೇ ಹೆಣ ಕೈತಪ್ಪಿ ಮರಕ್ಕೆ ಮರಳುತ್ತದೆ. ಜಾಣತನಕ್ಕೂ ದಂಡ ತೆರಬೇಕು. ಹತ್ತನೆಯ ಶತಮಾನದ ರನ್ನನೂ ಚಂಪುವಿನ ಕಟ್ಟುಪಾಡಿಗೆ ಒಳಪಟ್ಟವನೇ. ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿಯೇ ‘ಸಾಹಸಭೀಮ ವಿಜಯ’ವನ್ನು ರಚಿಸಿದ. ಹಾಗಿದ್ದೂ ಸೋಲಲಿರುವ ದುರ್ಯೋಧನನನ್ನು ರಣರಂಗದಲ್ಲಿ ನಡೆಸಿ, ತಮ್ಮನ, ಮಗನ, ಗೆಳೆಯ ಕರ್ಣನ ಶವಗಳ ಮುಂದೆ ನಿಲ್ಲಿಸಿದ. ಅಲ್ಲಿ ಬಿದ್ದವರಾರೂ ನೆರಳಾಗಿ ಏಳುವುದಿಲ್ಲ. ಆದ್ದರಿಂದಲೇ ವೈರಿಪಕ್ಷದವನ ಗೋಳಿಗೂ ನಮ್ಮ ಕಣ್ಣು ತೇವವಾಗುತ್ತದೆ.

ಕೊರಿಯಾದ ಕಥೆಗಳೆಲ್ಲ ಹೀಗೆಯೇ ಎನ್ನುವುದೂ ಅನ್ಯಾಯ. ಯೂನ್ ತೇ-ಹೋ ಅವರ ‘ಮಿಸೆಂಗ್’ 2012ರಲ್ಲಿ ಆರಂಭವಾದ ವೆಬ್‌ಟೂನ್. ಬಾದುಕ್ ಎಂಬ ಮಣೆಯಾಟದಲ್ಲಿ ವೃತ್ತಿಪರನಾಗಲು ಬಾಲ್ಯವನ್ನೆಲ್ಲ ಸವೆಸಿ ವಿಫಲನಾದ ಯುವಕನೊಬ್ಬ ವ್ಯಾಪಾರ ಸಂಸ್ಥೆಯಲ್ಲಿ ತರಬೇತಿಗೆ ಸೇರುತ್ತಾನೆ. ಕಳೆದ ವರ್ಷಗಳು ಅವನಿಗೆ ಮರಳುವುದಿಲ್ಲ. ಸಹೋದ್ಯೋಗಿಗಳು ಪ್ರೇಕ್ಷಕರಾಗಿ ಉಳಿಯುವುದಿಲ್ಲ. ಕಂತುಕಂತಾಗಿ ಬಂದರೂ, ಬೆರಳಿನಿಂದ ಮೇಲೆ ಸರಿಸಿ ಓದಿದರೂ ಒಳ್ಳೆಯ ಕಥೆ ಹುಟ್ಟಬಲ್ಲದು ಎಂಬುದಕ್ಕೆ ಅದೇ ಸಾಕ್ಷಿ. ದೋಷ ಮಾಧ್ಯಮದ್ದಲ್ಲ.

ದಣಿದು ಬಂದವರಿಗೆ ಇಷ್ಟಾದರೂ ವಿನೋದ ಬೇಡವೇ ಎಂದು ಕೇಳುವಿರಿ. ಧಾರಾಳವಾಗಿ ಬೇಕು. ಆದರೆ ಅಂಕಪಟ್ಟಿಯನ್ನೇ ಬದುಕೆಂದು ನಂಬಿಸುವ ಶಿಕ್ಷಣದಿಂದ ತುಸು ಬಿಡುಗಡೆ ಬಯಸಿ ಹೋದ ಮಕ್ಕಳು ಅಲ್ಲಿಯೂ ಮತ್ತೊಂದು ಅಂಕಪಟ್ಟಿಯನ್ನೇ ಓದುತ್ತಿದ್ದಾರಲ್ಲ! ಅಲ್ಲಿ ಗುರುವಿಲ್ಲ, ಸಹಪಾಠಿಯಿಲ್ಲ. ಏರುವ ಸಂಖ್ಯೆ ಮತ್ತು ಬೆರಗಾಗಿ ನೋಡುವ ಜನ ಮಾತ್ರ. ದಶಕಗಳ ಕಾಲ ಅಂಕಗಳನ್ನು ಕೂಡಿಸಿ ಬರೆದವನಾಗಿ ಹೇಳುತ್ತೇನೆ: ಒಬ್ಬ ಹುಡುಗ ಎಂಥವನೆಂಬುದು ಆ ಸಂಖ್ಯೆಯಿಂದ ನನಗೆಂದೂ ತಿಳಿಯಲಿಲ್ಲ. ಅವನು ಸೋತ ದಿನ ಪಕ್ಕದವನೊಡನೆ ಹೇಗೆ ನಡೆದುಕೊಂಡ ಎಂಬುದರಿಂದ ತಿಳಿಯುತ್ತಿತ್ತು. ನಿಮ್ಮ ಮಕ್ಕಳು ಮುಂದಿನ ಕಂತಿಗೆ ಕಾಯುತ್ತಿದ್ದರೆ ಫೋನ್ ಕಸಿಯಬೇಡಿ. ಈ ಕಥೆಯಲ್ಲಿ ಯಾರು ಏನನ್ನು ಕಳೆದುಕೊಂಡರು ಎಂದಷ್ಟೇ ಕೇಳಿ. ಅವರು ಕೊಡುವ ಉತ್ತರವನ್ನು ನನಗೂ ಬರೆದು ತಿಳಿಸಿ.