ರೌಟರಿನ ಕೀಲಿಕೈ ಊರಿನಲ್ಲಿರಲಿ

ರಾಯಚೂರು ಜಿಲ್ಲೆಯ ಬಾಗಲವಾಡದಲ್ಲಿ ನನ್ನ ಸೋದರಮಾವನ ಮಗನು ಒಂದು ಚಿಕ್ಕ ಅಂಗಡಿಯನ್ನು ಇಟ್ಟುಕೊಂಡಿದ್ದಾನೆ. ಒಂದು ಝೆರಾಕ್ಸ್ ಯಂತ್ರ, ಎರಡು ಕಂಪ್ಯೂಟರುಗಳು, ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳು. ಇಷ್ಟೇ ಆ ಅಂಗಡಿಯ ಆಸ್ತಿ. ಪಹಣಿ ತೆಗೆಸಿಕೊಳ್ಳುವವರು, ಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರು, ಬೆಳೆವಿಮೆಗೆ ಹೆಸರು ಹಚ್ಚುವವರು ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕಾದು ಕುಳಿತಿರುವುದನ್ನು ಕಾಣಬಹುದು. ಕಳೆದ ಮುಂಗಾರಿನಲ್ಲಿ, ಬೆಳೆವಿಮೆಯ ಕೊನೆಯ ದಿನವು ಸಮೀಪಿಸಿದ್ದಾಗ, ಆ ಅಂಗಡಿಯ ಅಂತರಜಾಲ ಸಂಪರ್ಕವು ಐದು ನಿಮಿಷ ಬರುವುದು, ಅರ್ಧ ಗಂಟೆ ಹೋಗುವುದು, ಹೀಗೆ ಆಗತೊಡಗಿತು. ಸಂಪರ್ಕವನ್ನು ಒದಗಿಸಿದವರಿಗೆ ದೂರವಾಣಿ ಮಾಡಿದಾಗಲೆಲ್ಲ ಬಂದ ಉತ್ತರ ಒಂದೇ: ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಿರಿ. ಮೂರು ದಿನ ಅವನು ಆರಿಸಿದನು, ಹಚ್ಚಿದನು. ಹೊಲದ ಕೆಲಸವನ್ನು ಬಿಟ್ಟು ಬಂದ ರೈತರು ಮೂರು ದಿನವೂ ಕುರ್ಚಿಗಳ ಮೇಲೆ ಕುಳಿತು ಎದ್ದುಹೋದರು. ಕೈಯಲ್ಲಿ ಬಸ್ಸಿನ ದುಡ್ಡಿದ್ದವರು ಬೇರೆ ಊರಿಗೆ ಹೋಗಿ ಕೆಲಸ ಮುಗಿಸಿಕೊಂಡರು.

"ಅಣ್ಣಾ, ಡಬ್ಬಿಯೊಳಗ ಲೈಟೇನೋ ಹತ್ಯಾವ, ಆದ್ರ ನೆಟ್ ಬರವಲ್ದು. ನೀ ಫಿಜಿಕ್ಸ್ ಮಾಸ್ತರ ಅದಿ, ಒಮ್ಮೆ ಬಂದು ನೋಡು" ಎಂದು ಅವನು ಕರೆದುದರಿಂದ ಭಾನುವಾರ ನಾನು ಅಲ್ಲಿಗೆ ಹೋದೆನು. ಭೌತವಿಜ್ಞಾನದ ಅಧ್ಯಾಪಕನಾದವನಿಗೆ ಫ್ಯಾನು, ಮಿಕ್ಸರು, ಮೊಬೈಲು ಮೊದಲಾದ ಸಕಲ ಯಂತ್ರಗಳ ರೋಗನಿದಾನವೂ ಬರುವುದೆಂದು ನಮ್ಮ ಬಂಧುಗಳ ನಂಬಿಕೆ. ಆ ನಂಬಿಕೆಯನ್ನು ನಾನೂ ಅಷ್ಟಾಗಿ ಕೆಡಿಸಲು ಹೋಗಿಲ್ಲ.

ಮೊದಲು ಈ ಪೆಟ್ಟಿಗೆಯ ಸಂಗತಿಯನ್ನು ಹೇಳಬೇಕು. ರೌಟರ್ ಎಂದು ನಾವು ಕರೆಯುವ ವಸ್ತುವು ಹೊರನೋಟಕ್ಕೆ ನಾಲ್ಕು ದೀಪಗಳೂ ಎರಡು ಕೊಂಬುಗಳೂ ಉಳ್ಳ ಡಬ್ಬಿಯಾಗಿ ಕಂಡರೂ ವಾಸ್ತವವಾಗಿ ಅದೊಂದು ಪೂರ್ಣ ಕಂಪ್ಯೂಟರೇ ಆಗಿರುವುದು. ಹೊರಗಿನ ಜಾಲದಿಂದ ಬಂದ ಸಂದೇಶದ ತುಣುಕುಗಳಲ್ಲಿ ಯಾವುದು ಯಾವ ಯಂತ್ರಕ್ಕೆ ಸೇರತಕ್ಕದ್ದೆಂಬುದನ್ನು ನೋಡಿ, ವಿಂಗಡಿಸಿ ಕಳುಹಿಸುವುದು ಅದರ ಕೆಲಸ. ಗಾಜಿನ ಎಳೆಯ ಮೂಲಕ ಬರುವ ಬೆಳಕನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುವ ಭಾಗವೂ ಈಚಿನ ಪೆಟ್ಟಿಗೆಗಳಲ್ಲಿ ಒಳಗೇ ಸೇರಿರುವುದುಂಟು. ಆದರೆ ಈ ಕಂಪ್ಯೂಟರಿಗೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಅದರೊಡನೆ ಮಾತನಾಡಬೇಕಾದರೆ ಬೇರೊಂದು ಕಂಪ್ಯೂಟರಿನಲ್ಲಿ 192.168.1.1 ಎಂಬಂತಹ ವಿಳಾಸವನ್ನು ಕೊಟ್ಟು, ಅದರ ನಿರ್ವಹಣಾ ತಂತ್ರಾಂಶದ ಪುಟವನ್ನು ತೆರೆಯಬೇಕು. ಆ ಪುಟಕ್ಕೆ ಒಂದು ಬಾಗಿಲುಂಟು. ಬಾಗಿಲಿಗೆ ಪಾಸ್‌ವರ್ಡ್ ಎಂಬ ಕೀಲಿಯುಂಟು.

ನಾನು ನಿಂತುಹೋದದ್ದು ಈ ಬಾಗಿಲಿನ ಮುಂದೆಯೇ. ಪೆಟ್ಟಿಗೆಯ ತಳದಲ್ಲಿ ಅಂಟಿಸಿದ್ದ ಚೀಟಿಯ ಪಾಸ್‌ವರ್ಡ್ ನಡೆಯಲಿಲ್ಲ. ಜೋಡಿಸಲು ಬಂದ ಹುಡುಗನು ಅದನ್ನು ಬದಲಿಸಿದ್ದನು. ಬದಲಿಸಿದ್ದು ತಪ್ಪಲ್ಲ, ಯುಕ್ತವೇ. ಆದರೆ ಹೊಸದನ್ನು ಯಾರಿಗೂ ಹೇಳದೆ ಹೋಗಿದ್ದನು. ಪೆಟ್ಟಿಗೆಯ ಹಿಂದಿರುವ ಸಣ್ಣ ರಂಧ್ರದಲ್ಲಿ ಪಿನ್ನನ್ನು ಚುಚ್ಚಿಬಿಡೋಣವೆಂದು ಅಲ್ಲಿ ಕುಳಿತವರೊಬ್ಬರು ಸೂಚಿಸಿದರು. ವಾಚಕರು ಎಂದೂ ದುಡುಕಿ ಹಾಗೆ ಮಾಡಕೂಡದು. ಆ ರಂಧ್ರವನ್ನು ಒತ್ತಿದರೆ ಪೆಟ್ಟಿಗೆಯು ಕಾರ್ಖಾನೆಯಿಂದ ಹೊರಟಾಗಿನ ಸ್ಥಿತಿಗೆ ಮರಳುವುದು. ಗ್ರಾಹಕನ ಹೆಸರು, ಜಾಲದ ಸಂಖ್ಯೆ ಮುಂತಾಗಿ ಸಂಪರ್ಕಕ್ಕೆ ಅವಶ್ಯವಾದ ಜೋಡಣೆಗಳೂ ಅದರೊಡನೆ ಅಳಿಸಿಹೋಗಬಹುದು. ಅವನ್ನು ಬರೆದಿಟ್ಟುಕೊಂಡಿಲ್ಲದವನಿಗೆ ಅರ್ಧ ಬದುಕಿದ ಸಂಪರ್ಕವು ಪೂರ್ತಿ ಸತ್ತಂತಾಗುವುದು.

ಕಡೆಗೆ ಪರಿಚಯದ ತಂತ್ರಜ್ಞರೊಬ್ಬರ ಮೂಲಕ, ಆರೇಳು ದೂರವಾಣಿ ಕರೆಗಳ ಬಳಿಕ, ಪಾಸ್‌ವರ್ಡ್ ದೊರೆಯಿತು. ಪುಟವು ತೆರೆಯಿತು. ಅದರಲ್ಲಿ ಒಂದು ಮೂಲೆಯಲ್ಲಿ, ಪೆಟ್ಟಿಗೆಗೆ ಬಂದು ಸೇರುತ್ತಿರುವ ಬೆಳಕಿನ ಬಲವು −30 ಡಿ.ಬಿ.ಎಂ. ಎಂದು ಬರೆದಿದ್ದಿತು.

ಈ ಮಾನದ ಅರ್ಥವು ಸುಲಭವಾದುದು. ಒಂದು ಮಿಲಿವ್ಯಾಟ್ ಶಕ್ತಿಯನ್ನು ಸೊನ್ನೆ ಎಂದು ಇಟ್ಟುಕೊಳ್ಳುತ್ತಾರೆ. ಅಲ್ಲಿಂದ 10 ಅಂಶ ಇಳಿದಂತೆಲ್ಲ ಶಕ್ತಿಯು ಹತ್ತರಲ್ಲೊಂದು ಪಾಲಾಗುವುದು. 3 ಅಂಶ ಇಳಿದರೆ ಸುಮಾರು ಅರ್ಧವಾಗುವುದು. −30 ಎಂದರೆ ಮಿಲಿವ್ಯಾಟಿನ ಸಾವಿರದಲ್ಲೊಂದು ಪಾಲು, ಅಂದರೆ ಒಂದು ಮೈಕ್ರೋವ್ಯಾಟ್. ಸಾಮಾನ್ಯವಾಗಿ ಮನೆಗಳಲ್ಲಿಡುವ ಈ ಜಾತಿಯ ಪೆಟ್ಟಿಗೆಗಳು −27ರವರೆಗೆ, ಅಂದರೆ ಸುಮಾರು ಎರಡು ಮೈಕ್ರೋವ್ಯಾಟಿನವರೆಗೆ, ಸಂಕೇತವನ್ನು ಓದಬಲ್ಲವು. ಅದಕ್ಕಿಂತ ಕೆಳಗಿಳಿದರೆ ಓದು ತಪ್ಪತೊಡಗುವುದು. ಹಾಗಾದರೆ ಬೆಳಕು ಎಲ್ಲಿಯೋ ಸೋರುತ್ತಿರಬೇಕೆಂದು ಎಳೆಯ ಜಾಡನ್ನು ಹಿಡಿದು ಹುಡುಕಿದೆವು. ಒಂದು ವಾರದ ಹಿಂದೆ ಅಂಗಡಿಯ ಕಬ್ಬಿಣದ ಕಪಾಟನ್ನು ಸರಿಸಿ ಗೋಡೆಗೆ ಒತ್ತಿ ಇಟ್ಟಿದ್ದರು. ಅದರ ಹಿಂದೆ ಗಾಜಿನ ಎಳೆಯು ಚೂಪಾಗಿ ಮಡಿಸಿಕೊಂಡಿದ್ದಿತು.

ಗಾಜಿನ ಎಳೆಯಲ್ಲಿ ಬೆಳಕು ಸಾಗುವುದು ಪೂರ್ಣ ಆಂತರಿಕ ಪ್ರತಿಫಲನದಿಂದ. ಎಳೆಯ ನಡುವಿನ ತಿರುಳು ಹೆಚ್ಚು ಸಾಂದ್ರ, ಹೊರಗವಚವು ಸ್ವಲ್ಪ ವಿರಳ. ಎರಡರ ಸಂಧಿಗೆ ಬೆಳಕು ತೀರ ಓರೆಯಾಗಿ ತಾಗಿದಾಗ ಹೊರಬೀಳದೆ ಒಳಕ್ಕೇ ಮರಳುವುದು. ಎಳೆಯನ್ನು ಚೂಪಾಗಿ ಬಗ್ಗಿಸಿದರೆ ಆ ಓರೆಯು ಕೆಟ್ಟು, ಬೆಳಕಿನ ಒಂದು ಪಾಲು ಗೋಡೆಯನ್ನು ದಾಟಿ ನಷ್ಟವಾಗುವುದು. ಸಾಮಾನ್ಯ ಎಳೆಯನ್ನು ಮೂರು ಸೆಂಟಿಮೀಟರಿಗಿಂತ ಕಡಿಮೆ ತ್ರಿಜ್ಯದಲ್ಲಿ ಬಗ್ಗಿಸಬಾರದೆಂದು ಹೇಳುವುದು ಇದಕ್ಕಾಗಿಯೇ. ಕಪಾಟನ್ನು ನಾಲ್ಕು ಬೆರಳು ಮುಂದಕ್ಕೆ ಎಳೆದೆವು. ಪುಟದ ಮೇಲಿನ ಅಂಕಿಯು −20 ಎಂದಾಯಿತು: ಒಂದು ಮೈಕ್ರೋವ್ಯಾಟ್ ಹೋಗಿ ಹತ್ತು. ಸಂಪರ್ಕವು ನಿಂತಿತು, ಅಂದರೆ ಸ್ಥಿರವಾಗಿ ನಿಂತಿತು!

ಈಗ ನನ್ನ ಅಭಿಪ್ರಾಯಕ್ಕೆ ಬರುವೆನು. ಮೂರು ದಿನವೂ ರೋಗವೇನೆಂಬುದು ಆ ಪೆಟ್ಟಿಗೆಗೆ ತಿಳಿದಿದ್ದಿತು. ಅದನ್ನು ಅಂಕಿಯಲ್ಲಿ ಬರೆದುಕೊಂಡೇ ಕುಳಿತಿದ್ದಿತು. ಓದುವ ಅಧಿಕಾರ ಊರಿನಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಮಾನವಿ ಸೀಮೆಯ ರೈತರನ್ನು ನೋಡಿರಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದವರು ತಮಗೆ ನೀರು ಬಾರದಿದ್ದಾಗ ಸುಮ್ಮನೆ ಕೂಡುವುದಿಲ್ಲ. ಕಾಲುವೆಯ ಮೈಲುಗಲ್ಲಿನ ಗೇಜಿನಲ್ಲಿ ಎಷ್ಟು ಅಡಿ ನೀರಿದೆಯೆಂದು ತಾವೇ ನೋಡಿ ಬಂದು, ಆ ಅಂಕಿಯನ್ನು ಮುಂದಿಟ್ಟುಕೊಂಡು ವಾದಿಸುತ್ತಾರೆ. ತೂಬನ್ನು ಎತ್ತಿ ಇಳಿಸುವ ಅಧಿಕಾರ ಇಂಜಿನಿಯರರದೇ ಇರಲಿ, ಗೇಜು ಮಾತ್ರ ಎಲ್ಲರ ಕಣ್ಣಿಗೂ ಕಾಣುವಂತಿದೆ. ರೌಟರಿನ ಗೇಜಿಗೆ ಮಾತ್ರ ಏಕೆ ಮುಸುಕು?

ಇದಕ್ಕೆ ಸಂಸ್ಥೆಗಳವರು ಕೊಡುವ ಸಮಾಧಾನವನ್ನೂ ಕೇಳಬೇಕು. ಸಾವಿರಾರು ಪೆಟ್ಟಿಗೆಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ತಂತ್ರಾಂಶ ತಮ್ಮಲ್ಲಿದೆ, ಗ್ರಾಹಕನು ಕೈಹಾಕಿದರೆ ಕೆಡುವುದೇ ಹೆಚ್ಚು ಎಂದು ಅವರು ಹೇಳುವರು. ಮಾತು ಸುಳ್ಳಲ್ಲ. 2004ರಲ್ಲಿ ಪ್ರಕಟವಾದ ಟಿ.ಆರ್.-069 ಎಂಬ ನಿಯಮಾವಳಿಯಂತೆ, ಮನೆಯ ಪೆಟ್ಟಿಗೆಯು ಆಗಾಗ ಸಂಸ್ಥೆಯ ಯಂತ್ರಕ್ಕೆ ತಾನಾಗಿಯೇ ವರದಿ ಒಪ್ಪಿಸುವುದು, ಅಲ್ಲಿಂದ ಬಂದ ಅಪ್ಪಣೆಯಂತೆ ತನ್ನ ಜೋಡಣೆಗಳನ್ನು ತಿದ್ದಿಕೊಳ್ಳುವುದು. ಹೊಸ ತಂತ್ರಾಂಶವನ್ನು ಲಕ್ಷಾಂತರ ಪೆಟ್ಟಿಗೆಗಳಿಗೆ ಒಂದೇ ರಾತ್ರಿಯಲ್ಲಿ ಹಂಚಲು ಇದಕ್ಕಿಂತ ಉತ್ತಮವಾದ ಮಾರ್ಗ ನನಗೂ ಕಾಣುವುದಿಲ್ಲ. 2016ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಸುಮಾರು 9 ಲಕ್ಷ ಗ್ರಾಹಕರ ರೌಟರುಗಳು ಒಮ್ಮೆಲೇ ಕೆಟ್ಟಾಗ, ಪೆಟ್ಟಿಗೆಯನ್ನು ಆರಿಸಿ ಹಚ್ಚಿದೊಡನೆ ಅದು ತಿದ್ದಿದ ತಂತ್ರಾಂಶವನ್ನು ತಾನೇ ಇಳಿಸಿಕೊಳ್ಳುವ ಏರ್ಪಾಡಿನಿಂದ ಬೇಗನೆ ಚೇತರಿಕೆ ಸಾಧ್ಯವಾಯಿತು. ಆದರೆ ಅದೇ ಪ್ರಸಂಗದ ಇನ್ನೊಂದು ಮುಖವುಂಟು. ಕಿಡಿಗೇಡಿಗಳು ಬಡಿದ ಬಾಗಿಲು, ದೂರನಿರ್ವಹಣೆಗೆಂದೇ ಮೀಸಲಾದ 7547ನೆಯ ಸಂಖ್ಯೆಯ ಬಾಗಿಲಾಗಿದ್ದಿತು. ನಿರ್ವಹಣೆಯ ಬಾಗಿಲನ್ನು ಸಂಸ್ಥೆಗೆ ಮಾತ್ರ ತೆರೆದಿಡದೆ ಜಗತ್ತಿಗೆಲ್ಲ ತೆರೆದಿಟ್ಟರೆ ಅದು ಕಳ್ಳನಿಗೂ ರಾಜಮಾರ್ಗವೇ.

ನಮ್ಮ ಕರ್ನಾಟಕದಲ್ಲಿಯೇ ಇಂತಹ ಪಾಠವೊಂದು ನಡೆದುಹೋಗಿದೆ. 2017ರ ಜುಲೈನಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಯ ಕರ್ನಾಟಕ ವೃತ್ತದ ಬ್ರಾಡ್‌ಬ್ಯಾಂಡ್ ಜಾಲದಲ್ಲಿ ದುಷ್ಟ ತಂತ್ರಾಂಶವೊಂದು ಹೊಕ್ಕು ಸುಮಾರು 60,000 ಮೋಡೆಂಗಳನ್ನು ಬಾಧಿಸಿತೆಂದು ಪತ್ರಿಕೆಗಳು ವರದಿ ಮಾಡಿದವು. ಸಂಸ್ಥೆಯ ಮೂಲ ಜಾಲಕ್ಕೆ ಧಕ್ಕೆ ತಗಲಿರಲಿಲ್ಲ. ಬಾಧೆಗೊಳಗಾದವು, ಹೆಸರಿನ ಸ್ಥಾನದಲ್ಲಿಯೂ ಪಾಸ್‌ವರ್ಡಿನ ಸ್ಥಾನದಲ್ಲಿಯೂ 'ಅಡ್ಮಿನ್' ಎಂಬ ಕಾರ್ಖಾನೆಯ ಪದವನ್ನೇ ಉಳಿಸಿಕೊಂಡಿದ್ದ ಪೆಟ್ಟಿಗೆಗಳು. ಪಾಸ್‌ವರ್ಡನ್ನು ಬದಲಿಸಿರೆಂದು ಆಮೇಲೆ ಗ್ರಾಹಕರಿಗೆ ಸೂಚನೆ ಹೊರಟಿತು. ಅದರ ಹಿಂದಿನ ವರ್ಷವೇ ಮಿರಾಯ್ ಎಂಬ ತಂತ್ರಾಂಶವು ಅರವತ್ತಕ್ಕೂ ಮಿಕ್ಕ ಇಂತಹ ಸಿದ್ಧ ಪದಗಳ ಪಟ್ಟಿಯೊಂದನ್ನು ಹಿಡಿದುಕೊಂಡು ಜಗತ್ತಿನ ಕ್ಯಾಮೆರಾಗಳನ್ನೂ ರೌಟರುಗಳನ್ನೂ ತಡಕಿ ವಶಪಡಿಸಿಕೊಂಡಿದ್ದಿತು. ಇದರಲ್ಲಿ ಬುದ್ಧಿವಂತಿಕೆಯೇನೂ ಇಲ್ಲ; ಊರಿನ ಎಲ್ಲ ಮನೆಗಳಿಗೂ ಒಂದೇ ಕೀಲಿಯಿದ್ದರೆ ಕಳ್ಳನಿಗೆ ಕೌಶಲವೇಕೆ?

ಹೀಗೆ ನಮ್ಮಲ್ಲಿ ಎರಡು ಅತಿಗಳು ಕಾಣುತ್ತವೆ. ಒಂದೆಡೆ ಎಲ್ಲರಿಗೂ ಗೊತ್ತಿರುವ ಕೀಲಿ, ಇನ್ನೊಂದೆಡೆ ಯಾರಿಗೂ ಗೊತ್ತಿಲ್ಲದ ಕೀಲಿ. ಮೊದಲನೆಯದನ್ನು ಕಂಡು ಹೆದರಿದವರು ಎರಡನೆಯದಕ್ಕೆ ಹಾರಿದ್ದಾರೆ.

ಈ ವಿಷಯವು ಒಂದು ಅಂಗಡಿಗೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆಯನ್ನು ಒಯ್ಯುವ ಯೋಜನೆಗೆ ಕೇಂದ್ರ ಸರಕಾರವು 2011ರಲ್ಲಿ ಒಪ್ಪಿಗೆಯಿತ್ತಿತು; 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. 2023ರ ಆಗಸ್ಟಿನಲ್ಲಿ ಒಪ್ಪಿದ ಅದರ ಪರಿಷ್ಕೃತ ರೂಪದಲ್ಲಿ ಸುಮಾರು 2.64 ಲಕ್ಷ ಗ್ರಾಮ ಪಂಚಾಯಿತಿಗಳನ್ನು ಬಳೆಯಾಕಾರದ ಮಾರ್ಗಗಳಲ್ಲಿ ಪೋಣಿಸುವುದು, ಪಂಚಾಯಿತಿಗಳಲ್ಲಿಯೂ ರೌಟರುಗಳನ್ನಿಡುವುದು, ಹತ್ತು ವರ್ಷಗಳ ನಿರ್ವಹಣೆ, ಎಳೆಯ ಸ್ಥಿತಿಯನ್ನು ದೂರದಿಂದ ಅಳೆಯುವ ವ್ಯವಸ್ಥೆ, ಇವೆಲ್ಲ ಸೇರಿವೆ. ಬಳೆಯಾಕಾರದ ಮಾರ್ಗವು ಬಹು ಒಳ್ಳೆಯ ಯೋಚನೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸಂಕೇತವು ಬಂದು ಸೇರುವುದು. ದೂರದಿಂದ ಅಳೆಯುವುದೂ ಒಳ್ಳೆಯದೇ. ಆದರೆ ಅಳತೆಯ ಅಂಕಿಯು ದೂರದ ನಗರದ ಪರದೆಯ ಮೇಲೆ ಮಾತ್ರ ಕಾಣಿಸಿ, ಆ ಅಂಕಿಯಿಂದ ಬಾಧಿತನಾದವನಿಗೆ ಕಾಣಿಸದಿದ್ದರೆ, ಅವನು ಆರಿಸಿ ಹಚ್ಚುವ ಕೂಲಿಯವನಾಗಿಯೇ ಉಳಿಯುವನು.

ಬದಲಾಯಿಸಬಲ್ಲ ಕೀಲಿ ಒಂದು, ನೋಡಬಲ್ಲ ಕೀಲಿ ಇನ್ನೊಂದು ಎಂದು ಬೇರೆಬೇರೆ ಇಡುವುದು ನಿರ್ವಹಣಾ ತಂತ್ರಾಂಶಗಳಿಗೆ ಹೊಸ ಸಂಗತಿಯಲ್ಲ. ನೋಡುವ ಕೀಲಿಯನ್ನು ಜೋಡಣೆಯ ದಿನವೇ ಊರಿನವರಿಗೆ ಕೊಟ್ಟು ಹೋಗತಕ್ಕದ್ದು. ಬದಲಾಯಿಸುವ ಕೀಲಿಯನ್ನು ಪೆಟ್ಟಿಗೆಗೊಂದರಂತೆ ಬೇರೆಬೇರೆಯಾಗಿ ಇಟ್ಟು, ಬರೆದು, ಲಕೋಟೆಯಲ್ಲಿ ಅಂಟಿಸಿ, ಪಂಚಾಯಿತಿಯಲ್ಲಾದರೆ ಕಾಗದಪತ್ರಗಳ ಕಪಾಟಿನಲ್ಲಿ, ಅಂಗಡಿಯಲ್ಲಾದರೆ ಗಲ್ಲಾಪೆಟ್ಟಿಗೆಯಲ್ಲಿ ಇಡಲಿ. ಹೊರಗಿನ ಜಾಲದಿಂದ ನಿರ್ವಹಣಾ ಪುಟವು ತೆರೆಯದಂತೆ ಮುಚ್ಚಿ, ಮುಚ್ಚಿದ್ದನ್ನು ತೋರಿಸಿ ಹೋಗಲಿ. ಇದಕ್ಕೆಲ್ಲ ಹಿಡಿಯುವ ಸಮಯ ಹೆಚ್ಚೆಂದರೆ ಕಾಲು ಗಂಟೆ. ಪುಟದ ಭಾಷೆಯ ವಿಷಯವಾಗಿಯೂ ಒಂದು ಮಾತು. ನಾನು ಕಂಡ ಪೆಟ್ಟಿಗೆಗಳಲ್ಲಿ ಕನ್ನಡವಿರಲಿಲ್ಲ. ಎಂ.ಎಸ್‌ಸಿ. ಮಾಡಿದ ನಾನೇ ಬೆಳಕಿನ ಬಲದ ಅಂಕಿಯನ್ನು ಪಟ್ಟಿಗಳ ಒಳಪಟ್ಟಿಗಳಲ್ಲಿ ಹುಡುಕಬೇಕಾಯಿತು. ಬೆಳಕು ಎಷ್ಟು ಬರುತ್ತಿದೆ, ಸಂಪರ್ಕ ಯಾವಾಗಿನಿಂದ ಇದೆ, ಎಷ್ಟು ಯಂತ್ರಗಳು ಸೇರಿಕೊಂಡಿವೆ ಎಂಬ ಮೂರು ಸಂಗತಿಗಳನ್ನು ಕನ್ನಡದಲ್ಲಿ ತೋರಿಸುವ ಒಂದೇ ಒಂದು ಪುಟವಿದ್ದರೆ ಮುಕ್ಕಾಲು ದೂರುಗಳು ದೂರವಾಣಿಗೆ ಮುಂಚೆಯೇ ಬಗೆಹರಿಯುವುವೆಂದು ನನ್ನ ಎಣಿಕೆ.

ಪೆಟ್ಟಿಗೆಯನ್ನು ಇಡುವ ಸ್ಥಳದ ವಿಷಯದಲ್ಲಿಯೂ ನಮ್ಮ ಸೀಮೆಯವರು ಎಚ್ಚರ ವಹಿಸಬೇಕು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಸೆಕೆಯಲ್ಲಿ, ತಗಡಿನ ಮಾಡಿನ ಕೆಳಗೆ ಮೊಳೆ ಹೊಡೆದು ಅದನ್ನು ತೂಗಹಾಕುವರು. ಒಳಗಿರುವ ವಿದ್ಯುದ್ವಿಚ್ಛೇದ್ಯದ ಧಾರಕಗಳ ಆಯುಸ್ಸು ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಸುಮಾರು ಅರ್ಧವಾಗುವುದು.

ಇನ್ನು ಹೆಚ್ಚಿನ ಆಸಕ್ತಿಯುಳ್ಳವರು, ವಿಶೇಷವಾಗಿ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು, ಸಂಸ್ಥೆಯ ಪೆಟ್ಟಿಗೆಯನ್ನು ಮುಟ್ಟದೆ, ಅದರ ಮುಂದೆ ತಮ್ಮದೇ ಆದ ಇನ್ನೊಂದು ರೌಟರನ್ನು ಜೋಡಿಸಿ ಕಲಿಯಬಹುದು. 2003ರಲ್ಲಿ ಲಿಂಕ್‌ಸಿಸ್ ರೌಟರೊಂದರ ಒಳಗೆ ಲಿನಕ್ಸ್ ಇರುವುದು ಬಯಲಾಗಿ, ಪರವಾನಗಿಯ ನಿಯಮದಂತೆ ಅದರ ಮೂಲಪಾಠವನ್ನು ಕಂಪೆನಿಯು ಪ್ರಕಟಿಸಬೇಕಾಯಿತು. ಅದರಿಂದ ಮರುವರ್ಷ ಹುಟ್ಟಿದ ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶವು ಇಂದಿಗೂ ಉಚಿತವಾಗಿ ದೊರೆಯುತ್ತದೆ. 8 ಮೆಗಾಬೈಟ್ ಸಂಗ್ರಹ, 64 ಮೆಗಾಬೈಟ್ ಸ್ಮೃತಿ ಇದ್ದರೆ ಅದರ ಕನಿಷ್ಠ ಅವಶ್ಯಕತೆ ಮುಗಿಯಿತು. ಇದಕ್ಕಿಂತ ಹೆಚ್ಚಿದ್ದರೆ ಮೇಲು. ತನ್ನ ಮಾದರಿಯ ಹೆಸರನ್ನೂ ಆವೃತ್ತಿಯ ಸಂಖ್ಯೆಯನ್ನೂ ಎರಡು ಬಾರಿ ಓದಿ ನೋಡದೆ ಇದನ್ನು ಸ್ಥಾಪಿಸಲು ಹೊರಟವನ ರೌಟರು ಇಟ್ಟಿಗೆಯಾದೀತು. ಸ್ಥಾಪಿಸುವಾಗ ವಿದ್ಯುತ್ತು ಹೋದರೂ ಅದೇ ಗತಿ. 1,720 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಕೇಂದ್ರವು ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿಯೇ ಇದ್ದರೂ ಹಳ್ಳಿಯಲ್ಲಿ ಈ ಕೆಲಸವನ್ನು ಬ್ಯಾಟರಿಯ ಆಸರೆಯಿಲ್ಲದೆ ಮಾಡಬೇಡಿರಿ.

ಬಾಗಲವಾಡದ ಅಂಗಡಿಯಲ್ಲಿ ಈಗ ಒಂದು ನೋಟುಬುಕ್ಕು ತೂಗುತ್ತಿದೆ. ಕೆಲಸಕ್ಕಿರುವ ಹುಡುಗನು ಪ್ರತಿದಿನ ಬೆಳಿಗ್ಗೆ ಕಸ ಗುಡಿಸಿದ ಮೇಲೆ ಪುಟವನ್ನು ತೆರೆದು, ಬೆಳಕಿನ ಅಂಕಿಯನ್ನು ತಾರೀಖಿನ ಮುಂದೆ ಬರೆಯುತ್ತಾನೆ. ದೀಪಾವಳಿಯ ಬಳಿಕ ಒಂದು ದಿನ ಅದು −20ರಿಂದ −26ಕ್ಕೆ ಇಳಿದಿದ್ದಿತು, ಸಂಪರ್ಕವಿನ್ನೂ ಕಡಿದಿರಲಿಲ್ಲ. "ಅಂಗಡಿಯೊಳಗ ವೈರ್ ಎಲ್ಲೂ ಮಡಚಿಲ್ಲರಿ, ನಿನ್ನೆ ಇಪ್ಪತ್ತಿತ್ತು, ಇವತ್ತ ಇಪ್ಪತ್ತಾರಾಗೇದ, ಹೊರಗ ಕಂಬದ ಮ್ಯಾಗ ನೋಡ್ರಿ" ಎಂದು ಅವನು ದೂರವಾಣಿಯಲ್ಲಿ ಹೇಳಿದನಂತೆ. ಆರಿಸಿ ಹಚ್ಚಿರೆಂದು ಈ ಸಲ ಯಾರೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಏಣಿಯೊಡನೆ ಒಬ್ಬನು ಬಂದು ಕಂಬವನ್ನು ಹತ್ತಿದನು.