ಜೋಡೆತ್ತಿನ ಬ್ಯಾಟರಿ

ನಮ್ಮ ಮನೆಯ ಪಿಕಪ್ ಟ್ರಕ್ಕಿಗೆ ಎರಡು ಬ್ಯಾಟರಿ. ಹಳೇ ಡೀಸೆಲ್ ಎಂಜಿನ್ನು, ಅದನ್ನು ತಿರುಗಿಸೋಕೆ ಒಂದು ಸಾಲದು ಅಂತ ಎರಡು. ನನ್ನದು ಸಾಫ್ಟ್‌ವೇರ್ ತಲೆ. ಎರಡಿದ್ದರೆ ಒಂದು ಬ್ಯಾಕಪ್ ಅಂದುಕೊಂಡಿದ್ದೆ. ಆಫೀಸಿನಲ್ಲಿ ಒಂದು ಸರ್ವರ್ ಮಲಗಿದರೆ ಇನ್ನೊಂದು ಕೆಲಸ ನೋಡಿಕೊಳ್ಳುತ್ತದಲ್ಲ, ಹಾಗೆ.

ಅದು ಎಂಥ ತಪ್ಪು ಅಂತ ಗೊತ್ತಾಗಿದ್ದು 2023ರ ಜುಲೈನಲ್ಲಿ. ನಾವಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕ. ಆ ಬೇಸಿಗೆ ಫೀನಿಕ್ಸಿನಲ್ಲಿ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಲು. ಸ್ಯಾನ್ ಡಿಯೇಗೋದಲ್ಲಿ ಸಮುದ್ರ ನೋಡಿ ಬರೋಣ ಅಂತ ಹೊರಟವರು ದಾರಿಯಲ್ಲಿ ಗಿಲಾ ಬೆಂಡ್ ಎಂಬ ಮರುಭೂಮಿಯ ಊರಿನಲ್ಲಿ ಡೀಸೆಲ್ ಹಾಕಿಸಿದೆವು. ಮತ್ತೆ ಕೀ ತಿರುಗಿಸಿದರೆ ಬರೀ ಟಕ್ ಟಕ್ ಟಕ್. ಎಸಿ ಇಲ್ಲ. ಹಿಂದಿನ ಸೀಟಿನಲ್ಲಿ ಮೂರು ವರ್ಷದ ಮಗಳು. ಐದೇ ನಿಮಿಷಕ್ಕೆ ಅವಳ ಮುಖ ಕೆಂಪಗಾಯಿತು. ಹೆಂಡತಿ ಒಂದು ಮಾತೂ ಆಡದೆ ಮಗುವನ್ನು ಎತ್ತಿಕೊಂಡು ಪಕ್ಕದ ಅಂಗಡಿಯೊಳಗೆ ಓಡಿದಳು. ಬೈದಿದ್ದರೇ ಚೆನ್ನಾಗಿತ್ತು.

ಯಾರೋ ಪುಣ್ಯಾತ್ಮರು ತಮ್ಮ ಗಾಡಿ ತಂದು ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಟ್ಟರು. ಸಮುದ್ರ ಅಲ್ಲಿಗೇ ಮುಗಿಯಿತು. ಎಂಜಿನ್ ಎಲ್ಲೂ ಆಫ್ ಮಾಡದೆ ಮನೆಗೆ ವಾಪಸ್.

ತಪ್ಪು ನನ್ನದೇ. ಹಿಂದಿನ ವರ್ಷ ಒಂದು ಬ್ಯಾಟರಿ ಸತ್ತಾಗ, ‘ಇನ್ನೊಂದು ಇನ್ನೂ ಪರವಾಗಿಲ್ಲ’ ಅಂದರು ಅಂತ ಒಂದನ್ನೇ ಬದಲಾಯಿಸಿ ದುಡ್ಡು ಉಳಿಸಿದ್ದೆ. ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಇಪ್ಪತ್ತು ವರ್ಷ ಚಳ್ಳಕೆರೆ ಕಡೆಯಿಂದ ಈರುಳ್ಳಿ ಲೋಡು ಹೊತ್ತು ಲಾರಿ ಓಡಿಸಿದವರು. ಪೂರ್ತಿ ಕೇಳಿಸಿಕೊಂಡು, “ಏನೋ ಇಂಜಿನಿಯರು ನೀನು! ಒಂದು ಮುದಿ ಎತ್ತು, ಒಂದು ಹೋರಿ ಕಟ್ಟಿದ್ರೆ ಗಾಡಿ ಎಳೀತಾವೇನೋ? ಹೋರೀನೂ ಹಾಳಾಗುತ್ತೆ” ಅಂದರು.

ಹಾಗೇ ಆಗಿತ್ತು. ಅಪ್ಪನ ಲಾರಿಯಲ್ಲಿ ಎರಡನ್ನೂ ಒಂದರ ಹಿಂದೊಂದು ಜೋಡಿಸಿ 24 ವೋಲ್ಟ್ ಮಾಡುತ್ತಿದ್ದರು. ನನ್ನ ಟ್ರಕ್ಕಿನಲ್ಲಿ ಅಕ್ಕಪಕ್ಕ ಜೋಡಣೆ, 12 ವೋಲ್ಟೇ. ಹಗಲೂ ರಾತ್ರಿ ಎರಡೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಹಳೆಯದು ಒಳಗೇ ಸೋರುತ್ತಿದ್ದರೆ ಹೊಸದರ ಚಾರ್ಜನ್ನೂ ಕುಡಿದುಬಿಡುತ್ತದೆ. ಬ್ಯಾಕಪ್ ಎಲ್ಲಿಂದ ಬಂತು!

ಈ ಸಲ ಎರಡೂ ಒಟ್ಟಿಗೆ ಕೊಳ್ಳಲು ಹೋದೆ. ಅಂಗಡಿಯ ಹುಡುಗ ಅತಿ ಹೆಚ್ಚು ಸಿಸಿಎ ಇರುವುದನ್ನು ಮುಂದಿಟ್ಟ. ಸಿಸಿಎ ಅಂದರೆ ಮೈನಸ್ 18 ಡಿಗ್ರಿ ಚಳಿಯಲ್ಲಿ ಬ್ಯಾಟರಿ 30 ಸೆಕೆಂಡು ಎಷ್ಟು ಕರೆಂಟ್ ಕೊಡುತ್ತದೆ ಎಂಬ ಲೆಕ್ಕ. ಮಿನೆಸೋಟಾದವರಿಗೆ ಅದು ಪ್ರಾಣ. ನಮಗೆ ಕಂಪನಿಯ ಪುಸ್ತಕದಲ್ಲಿ ಬರೆದಷ್ಟಿದ್ದರೆ ಸಾಕು. ಅದೇ ಡಬ್ಬಿಯಲ್ಲಿ ಹೆಚ್ಚು ಸಿಸಿಎ ಬೇಕೆಂದರೆ ಸಾಮಾನ್ಯವಾಗಿ ತೆಳು ಪ್ಲೇಟುಗಳನ್ನು ಒತ್ತೊತ್ತಾಗಿ ತುಂಬುತ್ತಾರೆ. ಬಿಸಿಲೂರಿನಲ್ಲಿ ಬ್ಯಾಟರಿ ಕೊಲ್ಲುವುದು ಶಾಖ: ನೀರು ಆವಿಯಾಗುತ್ತದೆ, ಪ್ಲೇಟು ಸವೆಯುತ್ತದೆ, ತೆಳುವಾದದ್ದು ಬೇಗ ಸವೆಯುತ್ತದೆ. ಬೇರೆಡೆ ನಾಲ್ಕೈದು ವರ್ಷ ಬರುವ ಬ್ಯಾಟರಿ ಇಲ್ಲಿ ಎರಡು ಮೂರು ವರ್ಷಕ್ಕೇ ಕೈಯೆತ್ತುತ್ತದೆ.

ಹಾಗಾಗಿ ನಾನು ನೋಡಿದ್ದು ರಿಸರ್ವ್ ಕೆಪ್ಯಾಸಿಟಿ, ಅಂದರೆ 25 ಆಂಪಿಯರ್ ಎಳೆದರೆ ಎಷ್ಟು ನಿಮಿಷ ತಾಳುತ್ತದೆ ಅನ್ನೋದು. ಆಮೇಲೆ ತೂಕ. ಅಮ್ಮ ತೆಂಗಿನಕಾಯಿ ಕೊಳ್ಳುವಾಗ ಕೈಯಲ್ಲಿ ತೂಗಿ ನೋಡುತ್ತಾರಲ್ಲ, ಹಾಗೆ ಒಂದೇ ಅಳತೆಯ ಎರಡು ಬ್ಯಾಟರಿ ಎತ್ತಿ ನೋಡಿದೆ. ಭಾರ ಇರುವುದರಲ್ಲಿ ಸೀಸ ಹೆಚ್ಚು. ಅಂಗಡಿ ಹುಡುಗ ನಗುತ್ತಿದ್ದ, ನಗಲಿ. ತಯಾರಾದ ತಿಂಗಳೂ ನೋಡಿದೆ. ಮೊದಲು ತೋರಿಸಿದ ಜೋಡಿ ಎಂಟು ತಿಂಗಳು ಕಪಾಟಿನಲ್ಲೇ ಕೂತಿತ್ತು, ಬೇಡ ಅಂದೆ. ಎರಡೂ ಒಂದೇ ತಿಂಗಳಿನವು ಬೇಕು ಅಂತ ಹಟ ಹಿಡಿದೆ.

ಎಜಿಎಂ ತಗೊಳ್ಳಿ ಅಂತ ಗೆಳೆಯನ ಸಲಹೆ. ಅದರಲ್ಲಿ ಗಾಜಿನ ನಾರಿನ ಹಾಸು ಆಸಿಡ್ ಹೀರಿಕೊಂಡಿರುತ್ತದೆ, ಚೆಲ್ಲುವುದಿಲ್ಲ, ಕುಲುಕಾಟ ತಡೆಯುತ್ತದೆ. ಆದರೆ ಬೆಲೆ ಜಾಸ್ತಿ, ಮತ್ತು ಶಾಖಕ್ಕೆ ಒಣಗಿದರೆ ನೀರು ಹಾಕೋಕೆ ದಾರಿಯಿಲ್ಲ. ನಾನು ಮುಚ್ಚಳ ಬಿಚ್ಚಿ ಡಿಸ್ಟಿಲ್ಡ್ ವಾಟರ್ ಹಾಕಬಹುದಾದ ಮಾಮೂಲಿಯದ್ದೇ ತಗೊಂಡೆ, ಮೂರು ವರ್ಷ ಪೂರ್ತಿ ಬದಲಿ ಕೊಡುವ ವಾರಂಟಿ ಇರುವುದನ್ನು. ಈ ಊರಲ್ಲಿ ಆ ಮೂರು ವರ್ಷಕ್ಕೇ ನಾವು ದುಡ್ಡು ಕೊಡೋದು.

ಈಗ ಬೇಸಿಗೆಯಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ, ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು, ಒಂದು ಕೇಬಲ್ ಬಿಚ್ಚಿಟ್ಟು ಎರಡನ್ನೂ ಬೇರೆ ಬೇರೆ ಅಳೆಯುತ್ತೇನೆ. 12.6 ವೋಲ್ಟ್ ಇದ್ದರೆ ಸರಿ. 12.4ಕ್ಕೆ ಇಳಿದರೆ ಚಾರ್ಜರ್ ಹಾಕುತ್ತೇನೆ. ಮಗಳು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲುತ್ತಾಳೆ.

ಹೊಸ ಬ್ಯಾಟರಿ ಕೂರಿಸಿದ ದಿನ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಕನ್ನಡಕ ಮೇಲೆ ಮಾಡಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ ಬಂದು ನೋಡಿದರು.

“ಎಲ್ಲಾ ಸರಿ. ಟರ್ಮಿನಲ್‌ಗೆ ಗ್ರೀಸ್ ಎಲ್ಲಿ ಹಚ್ಚಿದೀಯ?”

ಹಚ್ಚಿರಲಿಲ್ಲ.